ಅಶೋಕನ 256, ಜಪಾನಿನ ಕಾಂಜಿ

ಹನುಮನಹಳ್ಳಿಗೆ ಬರುವವರು ಅಂಜನಾದ್ರಿ ಹತ್ತಿ, ಆನೆಗೊಂದಿ ನೋಡಿ, ಹೊಳೆ ದಾಟಿ ಹಂಪಿಗೆ ಹೊರಟುಬಿಡ್ತಾರೆ. ಇದೇ ಜಿಲ್ಲೆಯ ಕೊಪ್ಪಳದಲ್ಲಿ, ಗವಿಮಠದ ಬೆಟ್ಟದ ಮೇಲೂ ಹತ್ತಿರದ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ ಅಂತ ಎಷ್ಟು ಜನಕ್ಕೆ ಗೊತ್ತು? 1931ರಲ್ಲಿ ಪತ್ತೆಯಾದವು, ಮರುವರ್ಷ ಆರ್. ಎಲ್. ಟರ್ನರ್ ಅವುಗಳ ಪಾಠ ಪ್ರಕಟಿಸಿದರು.

ನನಗಿರೋ ಕುತೂಹಲ ಬೇರೆ. ಕ್ರಿ.ಪೂ. 3ನೇ ಶತಮಾನದಲ್ಲಿ ಈ ಬಂಡೆ ಮುಂದೆ ನಿಂತ ನಮ್ಮ ಊರಿನವನಿಗೆ ಅರ್ಥ ಹೇಗೆ ಸಿಗ್ತಿತ್ತು? ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬ್ರಾಹ್ಮಿ ಕೊಡೋದು ಉಚ್ಚಾರಣೆ ಮಾತ್ರ. ಪ್ರಾಕೃತ ಬಾರದವನು ಅಕ್ಷರ ಕಲಿತರೂ ಬರೀ ಸದ್ದು ಹೊರಡಿಸಬಹುದಿತ್ತು, ಅಷ್ಟೆ. (ಕನ್ನಡ ಲಿಪಿಯಲ್ಲಿ ಸಂಸ್ಕೃತ ಮಂತ್ರ ಓದ್ತೀವಲ್ಲ, ಹಾಗೆ!) ಈ ಶಾಸನಗಳು ತಮ್ಮ ಮಾತನ್ನು 'ಸಾವನ' ಅನ್ನುತ್ತವೆ, ಅಂದ್ರೆ ಕೇಳಿಸುವಂಥದ್ದು. ಯಾರೋ ಓದಿ, ಇನ್ಯಾರೋ ಬಿಡಿಸಿ ಹೇಳಿರಬೇಕು.

ಜಪಾನಿನ ಕಾಂಜಿ (ಗಂಜಿ ಅಲ್ರೀ!) ಹಾಗಲ್ಲ. ಬೆಟ್ಟದ ಚಿಹ್ನೆಯನ್ನು ಚೀನಾದವರು 'ಶಾನ್' ಅಂತಾರೆ. ಜಪಾನಿನವರು ಒಮ್ಮೆ 'ಯಾಮ', 'ಫುಜಿಸಾನ್' ಅನ್ನುವಾಗ 'ಸಾನ್'. ಸದ್ದು ಮೂರು, ಬೆಟ್ಟ ಒಂದೇ. ಹಾಗಾದ್ರೆ ಅರ್ಥ ಕಣ್ಣಿನಿಂದ ನೇರವಾಗಿ ಬರುತ್ತಾ, ಸದ್ದಿನ ಮೂಲಕವಾ? ಮನಶ್ಶಾಸ್ತ್ರಜ್ಞರು ದಶಕಗಟ್ಟಲೆ ಜಗಳವಾಡಿದ್ದಾರೆ. ಎರಡು ದಾರಿಯೂ ಕೆಲಸ ಮಾಡುತ್ತವೆ ಅನ್ನೋದು ನನಗೆ ಒಪ್ಪಿತ. ಮೌನವಾಗಿ ಓದುವಾಗಲೂ ಸದ್ದು ಪೂರ್ತಿ ಸುಮ್ಮನಿರೋದಿಲ್ಲ.

ನಮ್ಮ ಬಂಡೆಗಳಲ್ಲೂ ಕಾಂಜಿಯಂಥದ್ದೊಂದಿದೆ: ಅಂಕಿ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ 256 ಅಂತ ಕೊರೆದಿದ್ದಾರೆ. 200ಕ್ಕೊಂದು, 50ಕ್ಕೊಂದು, 6ಕ್ಕೊಂದು ಗುರುತು. ಗುರುತು ಬಲ್ಲವನು ತನ್ನ ಮಾತಿನಲ್ಲೇ ಇನ್ನೂರ ಐವತ್ತಾರು ಅಂದುಕೊಳ್ಳಬಹುದಿತ್ತು. ಆದರೆ ಏನು 256? ಬುದ್ಧನ ನಿರ್ವಾಣದಿಂದ ಆದ ವರ್ಷಗಳು ಅಂದರು ಬ್ಯೂಲರ್. ಬಿಹಾರದ ಸಸಾರಾಮ್ ಪಾಠದಲ್ಲಿ ಅದೇ ಸಂಖ್ಯೆ ಅಕ್ಷರದಲ್ಲಿದೆ, ಜೊತೆಗೆ 'ಲಾತಿ' (ರಾತ್ರಿ) ಅನ್ನೋ ಪದವೂ. ಹಾಗಾಗಿ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಅನ್ನೋ ಅರ್ಥವೇ ನಿಂತಿತು.

ಬ್ರಹ್ಮಗಿರಿಯ ಕೊನೆ ಸಾಲು ಇನ್ನೂ ಮಜಾ. 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಹಚ್ಚಿದ ಶಾಸನ ಇದು. ಬರೆದವನು ಚಪಡ. ಹೆಸರನ್ನು ಬ್ರಾಹ್ಮಿಯಲ್ಲಿ ಕೊರೆದು, 'ಲಿಪಿಕಾರ' ಅನ್ನೋ ಪದವನ್ನು ಮಾತ್ರ ದೂರದ ಗಾಂಧಾರದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದಿದ್ದಾನೆ. ಈ ಕಡೆ ಅದನ್ನು ಓದುವವರು ಯಾರಿದ್ದರು? ಬ್ರಾಹ್ಮಿ ಬಲ್ಲವನಿಗೆ ಹೆಸರು ಸಿಕ್ಕಿತು, ಕಸುಬು ಸಿಗಲಿಲ್ಲ. ಬೇಕಂತಲೇ ಜಂಬ ತೋರಿಸಿದ್ದಾನೆ ಅಂತ ನನ್ನ ಅನುಮಾನ. ನಿಮಗೇನನ್ಸುತ್ತೆ?