ಬಯಲುಸೀಮೆಯ ಪಾನಕ

ದಾಹಕ್ಕೂ ಒಂದು ಚರಿತ್ರೆಯುಂಟು. ಅರಸರ ದಂಡಯಾತ್ರೆಗಳನ್ನು ಬರೆದಿಟ್ಟವರು, ಆ ದಂಡಿನವರು ದಾರಿಯಲ್ಲಿ ಏನನ್ನು ಕುಡಿದು ಬಾಯಾರಿಕೆ ಕಳೆದುಕೊಂಡರೆಂಬುದನ್ನು ಬಹುಮಟ್ಟಿಗೆ ಬರೆಯಲಿಲ್ಲ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ಮಳೆ ಕಡಿಮೆಯ ಸೀಮೆಯಲ್ಲಿ ನೀರಿನ ಮಾತನ್ನು ಬಿಟ್ಟು ಚರಿತ್ರೆಯನ್ನು ಹೇಳುವಂತಿಲ್ಲ. ದುರ್ಗದ ಕೋಟೆಯ ಸುತ್ತುಗಳಷ್ಟೇ ಅದರೊಳಗಿನ ಗೋಪಾಲಸ್ವಾಮಿ ಹೊಂಡವೂ ಅಕ್ಕ-ತಂಗಿಯರ ಹೊಂಡವೂ ಆ ರಾಜ್ಯಕ್ಕೆ ಆಧಾರವಾಗಿದ್ದವು. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಯನ್ನು ನಮ್ಮ ಶಾಸನಗಳು ದೊಡ್ಡ ಧರ್ಮಕಾರ್ಯಗಳ ಸಾಲಿನಲ್ಲಿ ಎಣಿಸಿವೆ. ಆ ಅರವಟ್ಟಿಗೆಯ ನೀರಿಗೆ ಬೆಲ್ಲವೂ ಶುಂಠಿಯೂ ಸೇರಿದಾಗ ಆದದ್ದೇ ಪಾನಕ.

ಪಾನಕ ಹಳ್ಳಿಯ ಗುಡಿಯ ಪ್ರಸಾದ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆಯೇ ಪಾನೀಯಭೋಗಕ್ಕೂ ಸ್ಥಾನವುಂಟು. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವಿದೆ. ಅರಮನೆಯಲ್ಲಿ ಅದು ಭೋಗ. ರಾಮನವಮಿಯ ದಿನ ಕೋಸಂಬರಿಯ ಜೊತೆಯಲ್ಲಿ ಅದು ನೈವೇದ್ಯ. ಜಾತ್ರೆಯ ಬಿಸಿಲಿನಲ್ಲಿ ತೇರೆಳೆದು ಬಸವಳಿದವನಿಗೆ ಅದು ಉಸಿರು. ಒಂದೇ ಪಾನೀಯ ಇಷ್ಟು ಪಂಕ್ತಿಗಳಲ್ಲಿ ಕುಳಿತುಕೊಂಡದ್ದು ಅಪರೂಪವೇ ಸರಿ.

ಇದರಲ್ಲಿ ಬೀಳುವ ಶುಂಠಿ ಈ ನೆಲದ ಬೆಳೆಯಲ್ಲ. ಅದಕ್ಕೆ ಮಲೆನಾಡಿನ ನೆರಳೂ ತೇವವೂ ಬೇಕು. ಘಟ್ಟದ ಸೀಮೆಯಲ್ಲಿ ಬೆಳೆದದ್ದು ಒಣಗಿ, ಹಗುರವಾಗಿ, ಕೆಡದ ಸರಕಾಗಿ ಬಯಲಿನ ಸಂತೆಗಳಿಗೆ ಬಂದಿತು. ಈ ಒಣಗಿಸುವ ವಿದ್ಯೆಯೇ ಶುಂಠಿಯನ್ನು ಕಡಲಾಚೆಗೂ ಒಯ್ದಿತು. ಗ್ರೀಕ್ ಮತ್ತು ರೋಮನ್ ವೈದ್ಯರು ಸುಮಾರು 2000 ವರ್ಷಗಳ ಹಿಂದೆಯೇ ಅದನ್ನು ಬಲ್ಲವರಾಗಿದ್ದರು. ಸ್ವಾರಸ್ಯವೆಂದರೆ, ಸಂಸ್ಕೃತದಲ್ಲಿ ಶುಂಠೀ ಎಂದರೆ ಒಣಗಿಸಿದ್ದು ಎಂದೇ ಅರ್ಥ, ಹಸಿಯದು ಆರ್ದ್ರಕ. ನಾವು ‘ಹಸಿ ಶುಂಠಿ’ ಎಂದಾಗ ಒಣಗಿದ್ದನ್ನೇ ಮತ್ತೆ ಹಸಿಮಾಡಿ ಹೇಳಿದಂತಾಗುತ್ತದೆ! ಒಣಗುವಾಗ ಅದರ ಖಾರದ ಸತ್ವವೂ ಬದಲಾಗಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಅಡುಗೆಮನೆಯ ಹೆಂಗಸರು ಒಣಶುಂಠಿಯನ್ನು ಚಿಟಿಕೆಯ ಲೆಕ್ಕದಲ್ಲಿಯೂ ಹಸಿಯದನ್ನು ತುಂಡಿನ ಲೆಕ್ಕದಲ್ಲಿಯೂ ಹಾಕುವುದರಲ್ಲಿ ಈ ರಸಾಯನ ಶಾಸ್ತ್ರ ಅಡಗಿದೆ.

ಬೆಲ್ಲದ ಕಥೆ ಬೇರೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಅದರ ನೀರು ಹರಿದ ಕಡೆ ಕಬ್ಬು ಬಂದಿತು, ಆಲೆಮನೆಗಳು ಬಂದವು. ಆದರೆ ಬಯಲುಸೀಮೆಯ ಭಾಗ್ಯ ಎಂದೂ ಭದ್ರವಾದುದಲ್ಲ. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷಗಳು ಕಳೆದವು. ನೀರಿನ ಬೆಲೆ ಬಲ್ಲ ಇಂಥ ಜನ ಅದರಲ್ಲಿ ಬೆಲ್ಲ ಕದಡಿ ಪರರಿಗೆ ಕೊಡುವುದು ಸಣ್ಣ ದಾನವಲ್ಲ.

ಇನ್ನು ಮಾಡುವ ಕ್ರಮ. ಒಂದು ಲೀಟರು ನೀರಿಗೆ 150 ಗ್ರಾಮಿನಷ್ಟು ಬೆಲ್ಲವನ್ನು ಕುಟ್ಟಿ ಹಾಕಿ, ಕರಗಿದ ಮೇಲೆ ತೆಳುಬಟ್ಟೆಯಲ್ಲಿ ಶೋಧಿಸಬೇಕು. ಬೆಲ್ಲದಲ್ಲಿ ಕಲ್ಲು ಕಸ ಇರುವುದುಂಟು. ಅರ್ಧ ಚಮಚ ಒಣಶುಂಠಿಯ ಪುಡಿ, ಕಾಲು ಚಮಚ ಮೆಣಸಿನ ಪುಡಿ—ಇದು ಕರಿಮೆಣಸು—ನಾಲ್ಕು ಏಲಕ್ಕಿ, ಒಂದು ಚಿಟಿಕೆ ಉಪ್ಪು ಸೇರಿಸಿ, ಕೊನೆಗೆ ಒಂದು ನಿಂಬೆಹಣ್ಣನ್ನು ಹಿಂಡಬೇಕು. ಹಸಿ ಶುಂಠಿಯಾದರೆ ಹೆಬ್ಬೆರಳುದ್ದದ ತುಂಡನ್ನು ಜಜ್ಜಿ, ಕಾಲು ಗಂಟೆ ನೀರಿನಲ್ಲಿ ನೆನೆಯಿಟ್ಟು, ಹಿಂಡಿ ಸೋಸಿಕೊಂಡರಾಯಿತು. ಬಳಿಕ ಮಣ್ಣಿನ ಮಡಕೆಗೆ ತುಂಬಿ, ಮೈಗೆ ಒದ್ದೆ ಬಟ್ಟೆ ಸುತ್ತಿ, ಗಾಳಿ ಆಡುವ ನೆರಳಿನಲ್ಲಿ ಇಡಬೇಕು. ಮಡಕೆಯ ಮೈಯಿಂದ ಒಸರಿದ ನೀರು ಆರುವಾಗ ಒಳಗಿನ ತಾಪವನ್ನು ಹೊತ್ತೊಯ್ಯುತ್ತದೆ. ಕರಾವಳಿಯ ಬೆವರುವ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ದುರ್ಗದ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಯಾವ ಗಾಳಿ ಬಾಯಿ ಒಣಗಿಸಿತೋ ಅದೇ ಗಾಳಿ ಪಾನಕವನ್ನು ತಣಿಸಿಯೂ ಕೊಡುತ್ತದೆ.

ಪಾನಕವನ್ನು ಮಾಡಿದ ದಿನವೇ ಕುಡಿದು ಮುಗಿಸಬೇಕು ಎಂಬ ನಿಯಮವೊಂದುಂಟು. ಇದು ಬರಿಯ ಮಡಿಯ ಮಾತಲ್ಲ. ಸಿಹಿಯಾದ ಯಾವ ರಸವೂ ಬಿಸಿಲಿನಲ್ಲಿ ಉಳಿದರೆ ಹುಳಿಯುತ್ತದೆ. ಹುಳಿತದಲ್ಲಿ ಮದ್ಯಸಾರ ಹುಟ್ಟುತ್ತದೆ. ಇಂಗ್ಲೆಂಡಿನವರು ಶುಂಠಿ, ಸಕ್ಕರೆ, ನೀರುಗಳನ್ನೇ ಬೇಕೆಂದು ಹುದುಗಿಸಿ ಜಿಂಜರ್ ಬಿಯರ್ ಮಾಡಿದರು. ಆ ಹುದುಗಿನಲ್ಲಿ ಒಂದು ಬಗೆಯ ಯೀಸ್ಟೂ ಒಂದು ಬಗೆಯ ಬ್ಯಾಕ್ಟೀರಿಯವೂ ಕೂಡಿ ಬಾಳುತ್ತವೆಂದು ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1892ರಲ್ಲಿ ವಿವರಿಸಿದನು. ಸಾಮಗ್ರಿ ಹೆಚ್ಚುಕಡಿಮೆ ಒಂದೇ. ಅವರು ಕಾಲವನ್ನು ಕಾದರು, ನಾವು ಕಾಯಲಿಲ್ಲ.

ಈ ಕಾಲದ ಮಹಿಮೆಯನ್ನು ನಮ್ಮ ಸೀಮೆಯವರಿಗೆ ಈಚಲುಮರವೇ ಕಲಿಸಿತ್ತು. ಮುಂಜಾನೆ ಇಳಿಸಿದ ಈಚಲಿನ ರಸ ಸಿಹಿಯಾದ ನೀರಾ. ಹೊತ್ತೇರಿದಂತೆ ಅದೇ ಸೇಂದಿ. ಸೇಂದಿಯಿಂದ ಮೈಸೂರು ಸರ್ಕಾರದ ಬೊಕ್ಕಸಕ್ಕೆ ಆದಾಯವಿತ್ತು, ಬಡವನ ಮನೆಗೆ ನಷ್ಟವಿತ್ತು. 1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ನಡೆದ ಅರಣ್ಯ ಸತ್ಯಾಗ್ರಹದಲ್ಲಿ ಜನ ಕೊಡಲಿ ಹಿಡಿದು ಈಚಲುಮರಗಳನ್ನು ಕಡಿದರು. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದು ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಆ ಹೋರಾಟಕ್ಕಾಗಿ ಸೆರೆಮನೆ ಕಂಡರು. ಕಾನೂನನ್ನು ಮುರಿಯುವುದೂ ಕುಡಿತವನ್ನು ಮುರಿಯುವುದೂ ಅಲ್ಲಿ ಒಂದೇ ಕೊಡಲಿಯ ಕೆಲಸವಾಯಿತು.

ಆದರೆ ಮರವನ್ನು ಕಡಿದಷ್ಟು ಸುಲಭವಾಗಿ ಚಟವನ್ನು ಕಡಿಯಲಾಗದು. ಈಚಲು ಹೋದ ಕಡೆ ಸಾರಾಯಿ ಬಂದಿತು. ಸಾರಾಯಿಯನ್ನು 2007ರಲ್ಲಿ ನಿಷೇಧಿಸಿದ ಮೇಲೂ ಸೀಸೆಗಳ ಬೇರೆ ಮದ್ಯ ಉಳಿದೇ ಇದೆ. ಬೇಡವೆನ್ನುವ ಕಾನೂನು ಅವಶ್ಯವಿರಬಹುದು. ಅದರ ಜೊತೆಗೆ, ದಣಿದು ಬಂದವನ ಕೈಗೆ ಇದನ್ನು ಕುಡಿಯಪ್ಪ ಎಂದು ಕೊಡುವ ಒಂದು ಲೋಟವೂ ಬೇಕು. ಕೂಲಿಯಿಂದ ಮರಳಿದವನಿಗೆ ಬೇಕಾದದ್ದು ಬರಿಯ ನೀರಲ್ಲ, ಸ್ವಲ್ಪ ಸಿಹಿ, ಸ್ವಲ್ಪ ಖಾರ, ಸ್ವಲ್ಪ ಆದರ. ಸೇಂದಿಯ ಅಂಗಡಿ ಇದನ್ನು ಬಲ್ಲದು; ನಮ್ಮ ಹಿರಿಯರೂ ಬಲ್ಲವರಾಗಿದ್ದರು.

ವರ್ಷಕ್ಕೊಮ್ಮೆ ರಾಮನವಮಿಗೆಂದು ಪಾನಕವನ್ನು ಮೀಸಲಿಡುವುದು ನಾವು ಈಚೆಗೆ ಮಾಡಿಕೊಂಡ ಜಿಪುಣತನ. ಚೈತ್ರದಿಂದ ಮುಂಗಾರಿನವರೆಗೆ ಬಿಸಿಲು ಪ್ರತಿದಿನವೂ ಬರುತ್ತದೆ. ಮನೆಯ ಜಗಲಿಯ ಮೇಲೆ ಒಂದು ಮಡಕೆ ಪಾನಕವೂ ಪ್ರತಿದಿನ ಇರಲಿ. ಬಂದವರು ಯಾರೆಂದು ಕೇಳುವ ಮುನ್ನ ಒಂದು ಲೋಟ ಕೈಗೆ ಬರಲಿ. ಅರವಟ್ಟಿಗೆಯ ಧರ್ಮಕ್ಕೆ ಶಾಸನ ಬರೆಸುವ ಅರಸರು ಈಗಿಲ್ಲ. ಧರ್ಮ ನಡೆಸಲು ಅರಸರೇ ಆಗಬೇಕೆಂದೂ ಇಲ್ಲ.