ಸುರಾಧ್ಯಕ್ಷನಿಂದ ಅಬಕಾರಿಯವರೆಗೆ

ಮಕರ ಸಂಕ್ರಾಂತಿಯಂದು ಶಿವಗಂಗೆಯ ಶ್ರೀ ಗಂಗಾಧರೇಶ್ವರನ ಕಲ್ಯಾಣೋತ್ಸವಕ್ಕೆ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬನು, “ಮೇಷ್ಟ್ರೇ, ಅದೇ ವಿಸ್ಕಿ, ಅದೇ ಸೀಸೆ, ಬೆಂಗಳೂರಿನಲ್ಲಿ ಒಂದು ಬೆಲೆ, ಗಡಿ ದಾಟಿ ಹಿಂದೂಪುರಕ್ಕೆ ಹೋದರೆ ಇನ್ನೊಂದು ಬೆಲೆ. ಇದೇಕೆ?” ಎಂದು ಕೇಳಿದನು. ಆ ಪದಾರ್ಥವನ್ನು ಎಂದೂ ಮುಟ್ಟದ ನನ್ನನ್ನು ಕೇಳಿದನಲ್ಲಾ ಎಂದು ನಗು ಬಂದಿತಾದರೂ, ಪ್ರಶ್ನೆಯು ಚರಿತ್ರೆಗೆ ಸೇರತಕ್ಕದ್ದಾದುದರಿಂದ, ನನಗೆ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಪಂಡಿತ ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಲೀಯ ಅರ್ಥಶಾಸ್ತ್ರವು ಲೋಕಪ್ರಸಿದ್ಧವಾಗಿದೆ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳಿದೆ. ಮದ್ಯವನ್ನು ಗೊತ್ತಾದ ಸ್ಥಳದಲ್ಲಿಯೇ ಮಾರಬೇಕು. ತಪ್ಪಿದರೆ 600 ಪಣ ದಂಡ. ಅಂಗಡಿಗಳು ಒತ್ತೊತ್ತಾಗಿ ಇರಕೂಡದು. ಅರಸನದಲ್ಲದ ಸರಕನ್ನು ಮಾರುವವರು ನೂರಕ್ಕೆ ಐದರಂತೆ ಶುಲ್ಕ ಕೊಡಬೇಕು. ಉತ್ಸವ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಸಡಿಲಿಕೆಯುಂಟು. ಇಂದಿನ ಲೈಸೆನ್ಸು, ಸುಂಕ, ಅಂಗಡಿಯ ಮೇರೆ ಇವೆಲ್ಲವುಗಳ ಬೀಜ ಅಲ್ಲಿಯೇ ಇದೆ. ಆದರೆ ಅದೇ ಅಧ್ಯಾಯದಲ್ಲಿ ಮನಸ್ಸನ್ನು ಕಲಕುವ ಮಾತೊಂದು ಇದೆ. ಕೆಟ್ಟುಹೋದ ಸುರೆಯನ್ನು ಬೇರೆಡೆ ಮಾರಿಸಬಹುದು. ಇಲ್ಲವೆ ದಾಸರಿಗೂ ಕೂಲಿಯಾಳುಗಳಿಗೂ ವೇತನವಾಗಿ ಕೊಡಬಹುದು. ಇಲ್ಲವೆ ಹಂದಿಗಳಿಗೆ ಹಾಕಬಹುದು ಎಂಬುದು ಅದರ ತಾತ್ಪರ್ಯ. ವಾಚಕರು ಈ ಮಾತನ್ನು ನೆನಪಿನಲ್ಲಿಟ್ಟಿರಬೇಕು.

ನಮ್ಮ ಸೀಮೆಗೆ ‘ಅಬಕಾರಿ’ ಎಂಬ ಹೆಸರು ಪಾರಸಿಯಿಂದ ಬಂದಿತು. ಟಿಪ್ಪೂ ಸುಲ್ತಾನನು 1787ರಲ್ಲಿ ಮೀರ್ ಸಾದಕನಿಗೆ ಪತ್ರ ಬರೆದು, ಬೊಕ್ಕಸದ ನಷ್ಟವನ್ನೆಣಿಸದೆ ಮದ್ಯವನ್ನು ಪೂರ್ಣವಾಗಿ ನಿಲ್ಲಿಸಬೇಕೆಂಬ ಅಭಿಪ್ರಾಯವನ್ನು ತಿಳಿಸಿದನು. ಅವನ ತರುವಾಯದ ಸರ್ಕಾರಗಳಿಗೆ ಆ ನಷ್ಟವನ್ನು ಸಹಿಸುವ ಮನಸ್ಸಾಗಲಿಲ್ಲ. ಈಚಲ ಹೆಂಡಕ್ಕೂ ಸಾರಾಯಿಗೂ ಗುತ್ತಿಗೆಯ ಪದ್ಧತಿ ಬೇರೂರಿತು. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಅಂಗಡಿಯ ಹಕ್ಕು. ಕೂಗಿದ ಹಣವನ್ನು ಮರಳಿ ಪಡೆಯಬೇಕಾದರೆ ಅವನು ಹೆಚ್ಚು ಕುಡಿಸಲೇಬೇಕು. ಕುಡಿತವನ್ನು ಹದ್ದಿನಲ್ಲಿಡುವ ಧರ್ಮವೂ ಅದರಿಂದ ಹಣವೆತ್ತುವ ಅರ್ಥವೂ ಹೀಗೆ ಒಂದೇ ಕಚೇರಿಯಲ್ಲಿ ಕೂತವು.

1950ರಲ್ಲಿ ಜಾರಿಗೆ ಬಂದ ಸಂವಿಧಾನವು 47ನೆಯ ವಿಧಿಯಲ್ಲಿ ಪಾನನಿರೋಧವನ್ನು ಸರ್ಕಾರಗಳ ಗುರಿಯಾಗಿಟ್ಟು, ಮದ್ಯದ ಮೇಲಣ ಅಧಿಕಾರವನ್ನೂ ತೆರಿಗೆಯನ್ನೂ ರಾಜ್ಯಗಳಿಗೆ ಬಿಟ್ಟಿತು. ನನ್ನ ಶಿಷ್ಯನ ಪ್ರಶ್ನೆಗೆ ಮೊದಲನೆಯ ಉತ್ತರ ಇದೇ: ಗಡಿಯ ಆಚೆ ಬೇರೆ ಶಾಸನ, ಬೇರೆ ಸುಂಕ. 1956ರಲ್ಲಿ ಕನ್ನಡನಾಡು ಒಂದುಗೂಡಿದಾಗ ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿಯ 1949ರ ಪಾನನಿರೋಧ ಶಾಸನವನ್ನೂ, ದಕ್ಷಿಣ ಕನ್ನಡವು ಮದರಾಸಿನ 1937ರ ಶಾಸನವನ್ನೂ ಬೆನ್ನಿಗಿಟ್ಟುಕೊಂಡು ಬಂದವು. 1961ರಲ್ಲಿ ಮೈಸೂರು ರಾಜ್ಯಕ್ಕೂ ಒಂದು ಪಾನನಿರೋಧ ಶಾಸನವಾಯಿತು. ಆದರೆ 1965ರ ಅಬಕಾರಿ ಶಾಸನವು 1967ರಲ್ಲಿ ಜಾರಿಗೆ ಬಂದು, ಅಂಗಡಿಯ ಬಾಗಿಲು ಮತ್ತೆ ತೆರೆಯಿತು.

ಈಗ ವಿಸ್ಕಿಯ ಸೀಸೆ ಬರುವ ದಾರಿಯನ್ನು ನೋಡೋಣ. ತಯಾರಕನು ಅದನ್ನು ನೇರವಾಗಿ ಅಂಗಡಿಗೆ ಮಾರುವಂತಿಲ್ಲ. 2003ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಪಾನೀಯ ನಿಗಮವೇ ಸಗಟು ವ್ಯಾಪಾರಕ್ಕೆ ಒಡೆಯ. ತಯಾರಕನು ಪೆಟ್ಟಿಗೆಗೆ ಒಂದು ಬೆಲೆಯನ್ನು ಘೋಷಿಸುತ್ತಾನೆ. ಆ ಬೆಲೆ ಯಾವ ಶ್ರೇಣಿಗೆ ಸೇರುವುದೋ ಅದಕ್ಕೆ ತಕ್ಕಂತೆ ಹೆಚ್ಚುವರಿ ಅಬಕಾರಿ ಸುಂಕ ಬೀಳುತ್ತದೆ. 2023ರ ಜುಲೈ ಮುಂಗಡ ಪತ್ರದಲ್ಲಿ 18 ಶ್ರೇಣಿಗಳ ಮೇಲೂ ಈ ಸುಂಕವನ್ನು ನೂರಕ್ಕೆ 20ರಂತೆ ಏರಿಸಲಾಯಿತು. 2024ರ ಆಗಸ್ಟಿನಲ್ಲಿ ಶ್ರೇಣಿಗಳನ್ನು 16ಕ್ಕೆ ಇಳಿಸಿದಾಗ ಅಗ್ಗವಾದದ್ದು ಸಿರಿವಂತರ ಮದ್ಯ. ಕೂಲಿಯವನು ಕೊಳ್ಳುವ ಕೆಳಗಿನ ಶ್ರೇಣಿಗಳ ಬೆಲೆ ಇಳಿಯಲಿಲ್ಲ. ಅಂಗಡಿಗಳ ವಿಷಯವೂ ವಿಚಿತ್ರ. 1992ರಿಂದ ಮುಂದೆ ಬಹುಕಾಲ ಹೊಸ ಮದ್ಯದಂಗಡಿಗೂ ಬಾರಿಗೂ ಲೈಸೆನ್ಸು ಕೊಡದಿದ್ದುದರಿಂದ, ಹಳೆಯ ಲೈಸೆನ್ಸೇ ಜಮೀನಿನಂತೆ ಬೆಲೆಬಾಳುವ ಸ್ವತ್ತಾಯಿತು. ಇನ್ನೊಂದು ಸೋಜಿಗ: 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯು ಬಾರ್ಲಿಯಿಂದ ಮಾಡಿದ ತನ್ನ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ಅದು ತವರಿನ ಬೆಂಗಳೂರಿಗೆ ಬಂದದ್ದು 2010ರಲ್ಲಿ.

ಇದು ಉಳ್ಳವರ ಮಾತಾಯಿತು. ನಾನು ಪಾಠ ಹೇಳುತ್ತಿದ್ದ ಊರುಗಳಲ್ಲಿ ವಿಸ್ಕಿಯನ್ನು ಕಂಡವರು ವಿರಳ. ಅಲ್ಲಿದ್ದುದು ಸಾರಾಯಿಯ ಪಾಕೀಟು. ಸಂತೆಯ ದಿನ ಬಟವಾಡೆಯಾದರೆ, ಮರುದಿನ ಶಾಲೆಗೆ ಬಾರದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕ ತೆರೆಯದೆಯೇ ಹೇಳಬಲ್ಲವನಾಗಿದ್ದೆನು. 2007ನೆಯ ಜುಲೈ 1ರಿಂದ ಸರ್ಕಾರವು ಸಾರಾಯಿಯನ್ನು ನಿಷೇಧಿಸಿದಾಗ, ಆ ಮಕ್ಕಳ ತಾಯಂದಿರಂತೆ ನಾನೂ ಸಂತೋಷಪಟ್ಟೆನು. ಆದರೆ ಬಾಯಾರಿಕೆಯನ್ನು ಶಾಸನದಿಂದ ನಿಷೇಧಿಸಲಾದೀತೆ? ಉಳಿದ ವಿಸ್ಕಿ, ಬ್ರಾಂದಿಗಳು ಕೂಲಿಯವನ ಕೈಗೆ ದುಬಾರಿಯಾದವು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರಗಳ ಸುತ್ತಲೂ ಗಡಿಯಾಚೆಯ ಕೃಷ್ಣಗಿರಿಯಲ್ಲಿಯೂ ಕಳ್ಳಬಟ್ಟಿಯ ವಿಷಕ್ಕೆ ನೂರಕ್ಕಿಂತ ಹೆಚ್ಚು ಮಂದಿ ಬಲಿಯಾದರು. ನಿಷೇಧವೊಂದನ್ನೇ ದೂರುವುದೂ ನ್ಯಾಯವಲ್ಲ. ಸಾರಾಯಿ ಕಾನೂನುಬದ್ಧವಾಗಿದ್ದ 1981ರ ಜುಲೈಯಲ್ಲಿಯೂ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಮಿಕ್ಕ ಜನ ಹೀಗೆಯೇ ಸತ್ತಿದ್ದರು. ಕಾರಣ ಎರಡು ಸಲವೂ ಒಂದೇ. ಕುಡಿಯುವ ಮದ್ಯಸಾರಕ್ಕೆ ಭಾರಿ ಸುಂಕವುಂಟು. ಕಾರ್ಖಾನೆಗಳಿಗೆಂದು ತಯಾರಾಗುವ ಮೀಥೈಲ್ ಮದ್ಯಸಾರಕ್ಕೆ ಅದಿಲ್ಲ. ಈ ಎರಡು ಬೆಲೆಗಳ ನಡುವಣ ಅಂತರದಲ್ಲಿ ವಂಚಕನು ಅಂಗಡಿ ಹೂಡುತ್ತಾನೆ. ಕೆಟ್ಟ ಸುರೆ ಕೂಲಿಯವನಿಗೆ ಎಂಬ ಹಳೆಯ ವಿಧಿಯನ್ನು ಇಂದು ಯಾವ ಶಾಸನವೂ ಬರೆಯುವುದಿಲ್ಲ; ಆದರೂ ಅದು ನಡೆದುಬಂದಿದೆ.

ಶಿಷ್ಯನಿಗೆ ನಾನು ಹೇಳಿದ್ದಿಷ್ಟು: “ಅಪ್ಪಾ, ಸೀಸೆಯ ಬೆಲೆಯಲ್ಲಿ ಮದ್ಯದ ಬೆಲೆ ಸ್ವಲ್ಪ, ಶಾಸನದ ಬೆಲೆ ಬಹಳ. ಆ ಹಣದಲ್ಲಿ ಶಾಲೆಯೂ ಆಸ್ಪತ್ರೆಯೂ ನಡೆಯುತ್ತವೆ. ನನ್ನ ಸಂಬಳದಲ್ಲಿಯೂ ಅದರ ಪಾಲಿತ್ತು.” ಈ ಮಾತನ್ನು ಆಡುವಾಗ ನನಗೆ ನಾಚಿಕೆಯಾಯಿತು. ಸುಂಕವನ್ನು ಏರಿಸುವವರೂ ಅಂಗಡಿಯನ್ನು ಮುಚ್ಚಿಸುವವರೂ ಬೊಕ್ಕಸದ ಲೆಕ್ಕವನ್ನು ಬರೆಯುವ ಮೊದಲು, ಬಟವಾಡೆಯ ಸಂಜೆ ಅತ್ಯಂತ ಬಡವನ ಲೋಟಕ್ಕೆ ಏನು ಬೀಳುವುದೆಂಬುದನ್ನು ವಿಚಾರಿಸಬೇಕು. ಹಾಜರಿ ಪುಸ್ತಕವನ್ನು ಹಿಡಿದಿದ್ದವನ ಬಿನ್ನಹವಿದು.