ಆಕ್ರಮಣ ಸಂಯೋಜಕ (ಅಮೆರಿಕನ್ ಫುಟ್‌ಬಾಲ್)

ಆಕ್ರಮಣ ಸಂಯೋಜಕ ಅಥವಾ ಅಫೆನ್ಸಿವ್ ಕೋಆರ್ಡಿನೇಟರ್ ಎಂಬುದು ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅಂಕ ಗಳಿಸುವ ವಿಭಾಗದ ಹೊಣೆ ಹೊತ್ತ ಸಹಾಯಕ ತರಬೇತುದಾರರ ಹುದ್ದೆ. ಚೆಂಡು ತಮ್ಮ ತಂಡದ ವಶದಲ್ಲಿರುವಾಗ ಯಾವ ಆಟಗಾರರನ್ನು ಕಣಕ್ಕಿಳಿಸಬೇಕು, ಚೆಂಡನ್ನು ಎಸೆಯಬೇಕೆ ಅಥವಾ ಹಿಡಿದು ಓಡಬೇಕೆ ಎಂಬುದನ್ನು ಮುಖ್ಯ ತರಬೇತುದಾರರ ಅಧೀನದಲ್ಲಿ ಇವರು ಯೋಜಿಸುತ್ತಾರೆ. ತಂಡದ ಗಳಿಕೆ ಕುಸಿದಾಗ ಮೊದಲು ಬದಲಾಗುವ ಹುದ್ದೆಗಳಲ್ಲಿ ಇದೂ ಒಂದು. ಗಳಿಕೆ ಏರಿದರೆ ಇದೇ ಹುದ್ದೆಯಲ್ಲಿದ್ದವರನ್ನು ಬೇರೆ ತಂಡಗಳು ಮುಖ್ಯ ತರಬೇತುದಾರರನ್ನಾಗಿ ಕರೆದೊಯ್ಯುತ್ತವೆ. ಆದ್ದರಿಂದ ಸಂಯೋಜಕರ ಬದಲಾವಣೆ ಈ ಕ್ರೀಡೆಯಲ್ಲಿ ಸಾಮಾನ್ಯ ಸಂಗತಿಯಾಗಿದೆ.

ಭಾರತದಲ್ಲಿ ಫುಟ್‌ಬಾಲ್ ಎಂದು ಕರೆಯಲಾಗುವ ಕಾಲ್ಚೆಂಡಾಟವೂ ಅಮೆರಿಕನ್ ಫುಟ್‌ಬಾಲ್ ಆಟವೂ ಬೇರೆ ಬೇರೆ. ಈ ಲೇಖನವು ಎರಡನೆಯದಕ್ಕೆ ಸಂಬಂಧಿಸಿದೆ.

ಆಟದ ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ತಂಡದಿಂದ ಏಕಕಾಲಕ್ಕೆ 11 ಆಟಗಾರರು ಕಣದಲ್ಲಿರುತ್ತಾರೆ. ಚೆಂಡನ್ನು ಪಡೆದ ತಂಡಕ್ಕೆ 10 ಗಜ ಮುನ್ನಡೆಯಲು ನಾಲ್ಕು ಅವಕಾಶಗಳಿರುತ್ತವೆ. ಇವುಗಳಿಗೆ ಡೌನ್ ಎಂದು ಹೆಸರು. ಕ್ರಿಕೆಟ್‌ನಲ್ಲಿ ಒಂದೊಂದು ಎಸೆತದ ನಂತರ ಆಟ ನಿಲ್ಲುವಂತೆ ಇಲ್ಲಿಯೂ ಪ್ರತಿ ಡೌನ್‌ನ ನಂತರ ಆಟ ನಿಲ್ಲುತ್ತದೆ. ಈ ಬಿಡುವಿನಲ್ಲಿಯೇ ಮುಂದಿನ ನಡೆಯನ್ನು ಆರಿಸಿ ಆಟಗಾರರಿಗೆ ತಿಳಿಸಬೇಕಾಗುತ್ತದೆ. ಸಂಯೋಜಕರ ಕೆಲಸಕ್ಕೆ ಮಹತ್ವ ಬಂದಿರುವುದು ಆಟದ ಈ ರಚನೆಯಿಂದಲೇ.

ಆಕ್ರಮಣ ವಿಭಾಗದ ಕೇಂದ್ರ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಎಸೆಯುವವರು ಅಥವಾ ಓಟಗಾರನಿಗೆ ಒಪ್ಪಿಸುವವರು ಇವರೇ. ಓಡುವವರನ್ನು ರನ್ನಿಂಗ್ ಬ್ಯಾಕ್ ಎಂದೂ ಎಸೆದ ಚೆಂಡನ್ನು ಹಿಡಿಯುವವರನ್ನು ರಿಸೀವರ್ ಎಂದೂ ಕರೆಯಲಾಗುತ್ತದೆ. ಎದುರಾಳಿಗಳನ್ನು ತಡೆದು ನಿಲ್ಲಿಸುವ ಐವರ ಸಾಲಿಗೆ ಅಫೆನ್ಸಿವ್ ಲೈನ್ ಎಂಬ ಹೆಸರಿದ್ದು, ಅದರ ನಡುವಿನ ಆಟಗಾರ ಸೆಂಟರ್.

ಕರ್ತವ್ಯಗಳು

ಎದುರಾಳಿ ತಂಡದ ಹಿಂದಿನ ಪಂದ್ಯಗಳ ದೃಶ್ಯಗಳನ್ನು ಅಭ್ಯಸಿಸಿ ವಾರದ ಯೋಜನೆ ಸಿದ್ಧಪಡಿಸುವುದು, ಅಭ್ಯಾಸದ ಕ್ರಮವನ್ನು ನಿರ್ಧರಿಸುವುದು ಹಾಗೂ ಪಂದ್ಯದ ದಿನ ನಡೆಗಳನ್ನು ಕರೆಯುವುದು ಸಂಯೋಜಕರ ಮುಖ್ಯ ಕರ್ತವ್ಯಗಳು. ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್‌ಎಫ್‌ಎಲ್) 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗೆ ರೇಡಿಯೊ ಸಂಪರ್ಕಕ್ಕೆ ಅನುಮತಿಯಿದೆ. ನಡೆಗಳ ನಡುವಿನ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಈ ಸಂಪರ್ಕ ಕಡಿತಗೊಳ್ಳುತ್ತದೆ. ಅನಂತರ ಎದುರಾಳಿಗಳ ನಿಲುವನ್ನು ನೋಡಿ ಸರಿಪಡಿಸಿಕೊಳ್ಳುವ ಹೊಣೆ ಆಟಗಾರರದು.

ಎಲ್ಲ ತಂಡಗಳಲ್ಲಿಯೂ ಸಂಯೋಜಕರೇ ನಡೆಗಳನ್ನು ಕರೆಯುವುದಿಲ್ಲ. ಕೆಲವು ತಂಡಗಳಲ್ಲಿ ಮುಖ್ಯ ತರಬೇತುದಾರರೇ ಆ ಕೆಲಸವನ್ನು ಇರಿಸಿಕೊಳ್ಳುತ್ತಾರೆ. ಅಂತಹ ತಂಡದಲ್ಲಿ ಸಂಯೋಜಕರು ಬದಲಾದರೂ ಆಟದ ಸ್ವರೂಪ ಹೆಚ್ಚು ಬದಲಾಗದು.

ಹೊಸ ಸಂಯೋಜಕರು ಬಂದಾಗ ಆಗುವ ಬದಲಾವಣೆಗಳು

ಮೊದಲು ಬದಲಾಗುವುದು ಭಾಷೆ. ಪ್ರತಿಯೊಂದು ಪದ್ಧತಿಯೂ ತನ್ನದೇ ಆದ ಸಂಕೇತಪದಗಳನ್ನು ಹೊಂದಿದೆ. ಡಾನ್ ಕೋರಿಯೆಲ್ ಅವರ ಪರಂಪರೆಯಲ್ಲಿ ರಿಸೀವರ್‌ಗಳು ಓಡಬೇಕಾದ ದಾರಿಗಳನ್ನು ಅಂಕಿಗಳಿಂದ ಸೂಚಿಸಲಾಗುತ್ತದೆ. ಬಿಲ್ ವಾಲ್ಶ್ ಅವರಿಂದ ಬೆಳೆದ ವೆಸ್ಟ್ ಕೋಸ್ಟ್ ಪದ್ಧತಿಯಲ್ಲಿ ಉದ್ದನೆಯ ಪದಸರಣಿಯಿಂದ ಒಬ್ಬೊಬ್ಬರ ಕೆಲಸವನ್ನೂ ಹೇಳಲಾಗುತ್ತದೆ. ಅರ್ಹಾರ್ಟ್–ಪರ್ಕಿನ್ಸ್ ಪದ್ಧತಿಯಲ್ಲಿ ಒಂದೇ ಪದವು ಒಂದಕ್ಕಿಂತ ಹೆಚ್ಚು ಆಟಗಾರರ ಕೆಲಸವನ್ನು ಒಟ್ಟಾಗಿ ಸೂಚಿಸುತ್ತದೆ. ಒಂದು ಪದ್ಧತಿಯಲ್ಲಿ ನುರಿತ ಕ್ವಾರ್ಟರ್‌ಬ್ಯಾಕ್ ಇನ್ನೊಂದಕ್ಕೆ ಬಂದಾಗ, ತಾನು ಬಲ್ಲ ನಡೆಯನ್ನೇ ಹೊಸ ಹೆಸರಿನಲ್ಲಿ ಮತ್ತೆ ಕಲಿಯಬೇಕಾಗುತ್ತದೆ.

ಎರಡನೆಯದು ತಡೆಯುವ ವಿಧಾನ. ಕೆಲವು ಪದ್ಧತಿಗಳಲ್ಲಿ ಅಫೆನ್ಸಿವ್ ಲೈನ್‌ನ ಐವರೂ ಒಂದೇ ದಿಕ್ಕಿಗೆ ಸರಿಯುತ್ತ ತಮ್ಮ ಪಾಲಿನ ಜಾಗವನ್ನು ಕಾಯುತ್ತಾರೆ. ಇದನ್ನು ವಲಯ ತಡೆ ಎನ್ನಬಹುದು. ಇಲ್ಲಿ ದೇಹಭಾರಕ್ಕಿಂತ ಚುರುಕುತನ ಮುಖ್ಯ. ಬೇರೆ ಪದ್ಧತಿಗಳಲ್ಲಿ ನಿರ್ದಿಷ್ಟ ಎದುರಾಳಿಯನ್ನು ಬಲದಿಂದ ಹಿಂದಕ್ಕೆ ತಳ್ಳಬೇಕು. ಒಂದಕ್ಕೆ ತಕ್ಕ ಆಟಗಾರ ಮತ್ತೊಂದಕ್ಕೆ ತಕ್ಕವನಾಗಿರಬೇಕೆಂದಿಲ್ಲ. ಹೀಗಾಗಿ ಸಂಯೋಜಕರ ಬದಲಾವಣೆಯ ಹಿಂದೆಯೇ ಆಟಗಾರರ ಬದಲಾವಣೆಯೂ ನಡೆಯುವುದುಂಟು.

ಮೂರನೆಯದು ಎಸೆತ ಮತ್ತು ಓಟಗಳ ಪ್ರಮಾಣ. ಓಟದ ಸೋಗು ಹಾಕಿ ಚೆಂಡನ್ನು ಎಸೆಯುವ ಪ್ಲೇ ಆ್ಯಕ್ಷನ್ ತಂತ್ರವನ್ನು ಎಷ್ಟು ಬಾರಿ ಬಳಸಬೇಕು, ನಡೆಗಳ ನಡುವೆ ಎಷ್ಟು ಬೇಗ ಸಾಗಬೇಕು ಮುಂತಾದ ಆಯ್ಕೆಗಳೂ ಇದರೊಂದಿಗೆ ಬದಲಾಗುತ್ತವೆ.

ಐತಿಹಾಸಿಕ ನಿದರ್ಶನಗಳು

ವೆಸ್ಟ್ ಕೋಸ್ಟ್ ಪದ್ಧತಿಯ ಬೀಜ ಮೊಳೆತದ್ದು ಒಬ್ಬ ಸಹಾಯಕ ತರಬೇತುದಾರರ ಕೈಯಲ್ಲಿ. 1970ರಲ್ಲಿ ಬಿಲ್ ವಾಲ್ಶ್ ಸಿನ್ಸಿನಾಟಿ ಬೆಂಗಾಲ್ಸ್ ತಂಡದಲ್ಲಿ ಪಾಲ್ ಬ್ರೌನ್ ಅವರ ಕೈಕೆಳಗೆ ಇದ್ದರು. ತಂಡದ ಕ್ವಾರ್ಟರ್‌ಬ್ಯಾಕ್ ವರ್ಜಿಲ್ ಕಾರ್ಟರ್‌ಗೆ ಬಹುದೂರ ಎಸೆಯುವ ತೋಳ್ಬಲ ಇರಲಿಲ್ಲ. ಇದನ್ನು ಅರಿತ ವಾಲ್ಶ್, ಸಣ್ಣ ಅಂತರದ ನಿಖರ ಎಸೆತಗಳನ್ನೇ ಆಧಾರವಾಗಿಸಿಕೊಂಡು ನಡೆಗಳನ್ನು ರಚಿಸಿದರು. ಆಟಗಾರನ ಮಿತಿಗೆ ತಕ್ಕಂತೆ ಪದ್ಧತಿಯನ್ನು ಹೊಂದಿಸಿದ ಈ ಪ್ರಯತ್ನವು ಮುಂದೆ ಅವರು ಮುಖ್ಯ ತರಬೇತುದಾರರಾದ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದಲ್ಲಿ ಪೂರ್ಣರೂಪ ಪಡೆಯಿತು.

ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ 1991ರಲ್ಲಿ ನಾರ್ವ್ ಟರ್ನರ್ ಸಂಯೋಜಕರಾಗಿ ಬಂದರು. ಕೋರಿಯೆಲ್ ಪರಂಪರೆಯ ಅವರ ಪದ್ಧತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಟ್ರಾಯ್ ಏಕ್‌ಮನ್ ನೆಲೆ ಕಂಡುಕೊಂಡರು. ರನ್ನಿಂಗ್ ಬ್ಯಾಕ್ ಎಮ್ಮಿಟ್ ಸ್ಮಿತ್ 1991ರಿಂದ 1993ರವರೆಗೆ ಸತತ ಮೂರು ವರ್ಷ ಓಟದಲ್ಲಿ ಲೀಗ್‌ನ ಅಗ್ರಸ್ಥಾನ ಪಡೆದರು. 1992 ಮತ್ತು 1993ರ ಋತುಗಳಲ್ಲಿ ತಂಡವು ಸೂಪರ್ ಬೌಲ್ ಗೆದ್ದ ಬಳಿಕ ಟರ್ನರ್ ವಾಷಿಂಗ್ಟನ್ ತಂಡದ ಮುಖ್ಯ ತರಬೇತುದಾರರಾದರು.

ಅಟ್ಲಾಂಟಾ ಫಾಲ್ಕನ್ಸ್, 2014–2018

ಸಂಯೋಜಕರ ಬದಲಾವಣೆಯ ಪರಿಣಾಮವನ್ನು ಅರಿಯಲು ಅಟ್ಲಾಂಟಾ ಫಾಲ್ಕನ್ಸ್ ತಂಡದ ಈ ಐದು ವರ್ಷಗಳು ಉತ್ತಮ ನಿದರ್ಶನ. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ ಹಾಗೂ ರಿಸೀವರ್ ಜೂಲಿಯೊ ಜೋನ್ಸ್ ಈ ಅವಧಿಯುದ್ದಕ್ಕೂ ತಂಡದಲ್ಲಿದ್ದರು. ಸಂಯೋಜಕರು ಮಾತ್ರ ಎರಡು ಬಾರಿ ಬದಲಾದರು. ಆಗ ಪ್ರತಿ ಋತುವಿನಲ್ಲಿ 16 ಪಂದ್ಯಗಳಿದ್ದವು.

2014, ಡರ್ಕ್ ಕೆಟ್ಟರ್: 381 ಅಂಕ
2015, ಕೈಲ್ ಶಾನಹಾನ್: 339 ಅಂಕ
2016, ಕೈಲ್ ಶಾನಹಾನ್: 540 ಅಂಕ
2017, ಸ್ಟೀವ್ ಸಾರ್ಕಿಸಿಯನ್: 353 ಅಂಕ
2018, ಸ್ಟೀವ್ ಸಾರ್ಕಿಸಿಯನ್: 414 ಅಂಕ

2015ರಲ್ಲಿ ಡಾನ್ ಕ್ವಿನ್ ಮುಖ್ಯ ತರಬೇತುದಾರರಾದಾಗ ಶಾನಹಾನ್ ಸಂಯೋಜಕರಾದರು. ವಲಯ ತಡೆಯ ಓಟ ಮತ್ತು ಅದರಿಂದ ಹುಟ್ಟುವ ಪ್ಲೇ ಆ್ಯಕ್ಷನ್ ಎಸೆತ ಅವರ ಪದ್ಧತಿಯ ಆಧಾರ. ಮೊದಲ ಐದು ಪಂದ್ಯಗಳನ್ನು ಗೆದ್ದ ತಂಡವು ಅನಂತರ ಕುಸಿದು 8 ಗೆಲುವು, 8 ಸೋಲುಗಳೊಂದಿಗೆ ಋತುವನ್ನು ಮುಗಿಸಿತು. ಅಂಕಗಳು ಹಿಂದಿನ ವರ್ಷಕ್ಕಿಂತ ಇಳಿದವು. ರಯನ್ 21 ಟಚ್‌ಡೌನ್ ಎಸೆತಗಳಿಗೆ ಪ್ರತಿಯಾಗಿ 16 ಬಾರಿ ಚೆಂಡನ್ನು ಎದುರಾಳಿಗಳ ಕೈಗೆ ಎಸೆದರು. ಇಲ್ಲಿಗೇ ಲೆಕ್ಕ ನಿಲ್ಲಿಸಿದ್ದರೆ ಈ ಬದಲಾವಣೆ ವಿಫಲವೆಂದೇ ದಾಖಲಾಗುತ್ತಿತ್ತು.

2016ರಲ್ಲಿ ಅದೇ ಸಂಯೋಜಕರು, ಅದೇ ಕ್ವಾರ್ಟರ್‌ಬ್ಯಾಕ್ ಇದ್ದ ತಂಡವು ಲೀಗ್‌ನಲ್ಲಿಯೇ ಅತಿ ಹೆಚ್ಚು ಅಂಕ ಗಳಿಸಿತು. ರಯನ್ 4,944 ಗಜ ಎಸೆದು, 38 ಟಚ್‌ಡೌನ್‌ಗಳಿಗೆ ಪ್ರತಿಯಾಗಿ ಕೇವಲ 7 ಬಾರಿ ಚೆಂಡನ್ನು ಕಳೆದುಕೊಂಡು, ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಪಡೆದರು. ಪದ್ಧತಿಯನ್ನು ಅರಗಿಸಿಕೊಳ್ಳಲು ಸಿಕ್ಕ ಒಂದು ವರ್ಷದ ಜೊತೆಗೆ ಇತರ ಕಾರಣಗಳೂ ಇದ್ದವು. ವಲಯ ತಡೆಗೆ ಹೇಳಿ ಮಾಡಿಸಿದಂತಿದ್ದ ಸೆಂಟರ್ ಅಲೆಕ್ಸ್ ಮ್ಯಾಕ್ ಹಾಗೂ ರಿಸೀವರ್ ಮೊಹಮ್ಮದ್ ಸನು ಆ ವರ್ಷ ತಂಡ ಸೇರಿದರು. ಅಫೆನ್ಸಿವ್ ಲೈನ್‌ನ ಅದೇ ಐವರು 16 ಪಂದ್ಯಗಳನ್ನೂ ಆರಂಭಿಸಿದರು.

ಜೋನ್ಸ್ 2015ರಲ್ಲಿ 136 ಬಾರಿ ಚೆಂಡು ಹಿಡಿದಿದ್ದರೆ 2016ರಲ್ಲಿ 83 ಬಾರಿ ಮಾತ್ರ ಹಿಡಿದರು. ರಯನ್ ಆ ವರ್ಷ 13 ಬೇರೆ ಬೇರೆ ಆಟಗಾರರಿಗೆ ಟಚ್‌ಡೌನ್ ಎಸೆದರು. ಅದೊಂದು ಲೀಗ್ ದಾಖಲೆ. ಒಬ್ಬ ಶ್ರೇಷ್ಠ ಆಟಗಾರನ ಮೇಲಿನ ಅವಲಂಬನೆ ತಗ್ಗಿದಾಗ ಇಡೀ ತಂಡದ ಗಳಿಕೆ ಏರಿತು.

2017ರ ಫೆಬ್ರವರಿ 5ರಂದು ಹ್ಯೂಸ್ಟನ್‌ನಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಫಾಲ್ಕನ್ಸ್ 28–3ರಿಂದ ಮುಂದಿದ್ದು, ಕೊನೆಗೆ ಹೆಚ್ಚುವರಿ ಅವಧಿಯಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ 28–34ರಿಂದ ಸೋತಿತು. ನಾಲ್ಕನೆಯ ಪಾದದಲ್ಲಿ 28–20ರಿಂದ ಮುಂದಿದ್ದಾಗ ಫಾಲ್ಕನ್ಸ್ ಎದುರಾಳಿಯ 22 ಗಜದ ಗೆರೆಯವರೆಗೆ ತಲುಪಿತ್ತು. ಅಲ್ಲಿಂದ ಫೀಲ್ಡ್ ಗೋಲ್ ಒದ್ದು ಮೂರು ಅಂಕ ಸೇರಿಸುವ ಅವಕಾಶವಿತ್ತು. ಆದರೆ ಎಸೆತಕ್ಕೆ ಮುಂದಾದ ರಯನ್ ಸಿಕ್ಕಿಬಿದ್ದರು. ದಂಡನೆಯೂ ಸೇರಿ ತಂಡವು ಫೀಲ್ಡ್ ಗೋಲ್‌ನ ಅಂತರದಿಂದ ಹಿಂದೆ ಸರಿಯಿತು. ಓಟದ ಬದಲು ಎಸೆತವನ್ನು ಆರಿಸಿದ್ದಕ್ಕಾಗಿ ಶಾನಹಾನ್ ತೀವ್ರ ಟೀಕೆಗೆ ಗುರಿಯಾದರು. ಇಡೀ ಋತುವಿನಲ್ಲಿ ಫಲ ಕೊಟ್ಟ ಧೈರ್ಯವೇ ಅಂದು ತಪ್ಪಾಗಿ ಕಂಡಿತು. ಪಂದ್ಯದ ಬೆನ್ನಲ್ಲೇ ಅವರು 49ಅರ್ಸ್ ತಂಡದ ಮುಖ್ಯ ತರಬೇತುದಾರರಾದರು.

ಅವರ ಸ್ಥಾನಕ್ಕೆ ಬಂದ ಸಾರ್ಕಿಸಿಯನ್ ಅವರ ಮೊದಲ ವರ್ಷದಲ್ಲಿ ಅಂಕಗಳು 187ರಷ್ಟು ಕುಸಿದವು. ಎರಡನೆಯ ವರ್ಷ ರಯನ್ 35 ಟಚ್‌ಡೌನ್ ಎಸೆದು ಚೇತರಿಸಿಕೊಂಡರೂ, 7 ಗೆಲುವು, 9 ಸೋಲುಗಳೊಂದಿಗೆ ಋತು ಮುಗಿದಾಗ ಸಾರ್ಕಿಸಿಯನ್ ಅವರನ್ನು ಕೈಬಿಡಲಾಯಿತು. ಅಲಬಾಮಾ ವಿಶ್ವವಿದ್ಯಾಲಯದ ಸಂಯೋಜಕರಾದ ಅವರು 2020ರಲ್ಲಿ ಆ ತಂಡವು ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ, ಶ್ರೇಷ್ಠ ಸಹಾಯಕ ತರಬೇತುದಾರರಿಗೆ ನೀಡುವ ಬ್ರಾಯ್ಲ್ಸ್ ಪ್ರಶಸ್ತಿಗೆ ಪಾತ್ರರಾದರು.

ಫಿಲಡೆಲ್ಫಿಯಾ ಈಗಲ್ಸ್, 2022–2024

ಮುಖ್ಯ ತರಬೇತುದಾರರು ಬದಲಾಗದೆ ಸಂಯೋಜಕರು ಮಾತ್ರ ಬದಲಾದ ನಿದರ್ಶನ ಈಗಲ್ಸ್ ತಂಡದ್ದು. ನಿಕ್ ಸಿರಿಯಾನಿ ಅವರ ಅಧೀನದಲ್ಲಿ 2022ರಲ್ಲಿ ಸಂಯೋಜಕರಾಗಿದ್ದ ಶೇನ್ ಸ್ಟೈಕನ್, ತಂಡವು ಸೂಪರ್ ಬೌಲ್ ತಲುಪಿದ ನಂತರ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಮುಖ್ಯ ತರಬೇತುದಾರರಾದರು. ತಂಡದೊಳಗಿನಿಂದಲೇ ಬಡ್ತಿ ಪಡೆದ ಬ್ರಯಾನ್ ಜಾನ್ಸನ್ ಅವರ ವರ್ಷದಲ್ಲಿ ತಂಡವು ಮೊದಲ 11 ಪಂದ್ಯಗಳಲ್ಲಿ 10ನ್ನು ಗೆದ್ದು, ಉಳಿದ ಆರರಲ್ಲಿ ಐದನ್ನು ಸೋತಿತು. 2024ರಲ್ಲಿ ಕೆಲನ್ ಮೂರ್ ಬಂದಾಗ ಓಟಕ್ಕೆ ಹೆಚ್ಚಿನ ಒತ್ತು ದೊರೆಯಿತು. ಅದೇ ವರ್ಷ ತಂಡ ಸೇರಿದ ಸೇಕ್ವಾನ್ ಬಾರ್ಕ್ಲಿ 2,005 ಗಜ ಓಡಿದರು. ಈಗಲ್ಸ್ ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ 40–22ರಿಂದ ಸೂಪರ್ ಬೌಲ್ ಗೆದ್ದಿತು. ಇದರಲ್ಲಿ ಹೊಸ ಸಂಯೋಜಕರ ಪಾಲೆಷ್ಟು, ಹೊಸ ಓಟಗಾರನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಮೌಲ್ಯಮಾಪನದ ತೊಡಕುಗಳು

ಸಂಯೋಜಕರನ್ನು ಒಂದೇ ವರ್ಷದ ಅಂಕಗಳಿಂದ ಅಳೆಯುವುದರಲ್ಲಿ ಹಲವು ತೊಡಕುಗಳಿವೆ. ಪಂದ್ಯಗಳ ಸಂಖ್ಯೆ ಕಡಿಮೆಯಾದ್ದರಿಂದ ಒಂದೆರಡು ಗಾಯಗಳು ಅಥವಾ ಆಕಸ್ಮಿಕಗಳು ಇಡೀ ಋತುವಿನ ಚಿತ್ರವನ್ನು ಬದಲಿಸಬಲ್ಲವು. ತಂಡದ ಒಟ್ಟು ಅಂಕಗಳಲ್ಲಿ ರಕ್ಷಣಾ ವಿಭಾಗ ಗಳಿಸಿದ ಅಂಕಗಳೂ ಸೇರಿರುತ್ತವೆ. ಅಸಾಧಾರಣ ಏರಿಕೆಯ ಮರುವರ್ಷ ಸ್ವಲ್ಪ ಇಳಿಕೆಯಾಗುವುದು, ಯಾರೇ ಹುದ್ದೆಯಲ್ಲಿದ್ದರೂ, ನಿರೀಕ್ಷಿತವೇ. ಹಾಗೆಯೇ ತೀರಾ ಕೆಟ್ಟ ವರ್ಷದ ನಂತರ ಬಂದವರಿಗೆ ಸಹಜ ಚೇತರಿಕೆಯ ಶ್ರೇಯಸ್ಸೂ ಸಲ್ಲುತ್ತದೆ. ಫಾಲ್ಕನ್ಸ್‌ನ ಅಂಕಿಗಳಲ್ಲಿ ಇಬ್ಬರು ಸಂಯೋಜಕರ ಎರಡನೆಯ ವರ್ಷವೂ ಅವರವರ ಮೊದಲನೆಯ ವರ್ಷಕ್ಕಿಂತ ಉತ್ತಮವಾಗಿತ್ತು ಎಂಬುದು ಗಮನಾರ್ಹ. ಆದರೆ ಇವರಲ್ಲಿ ಸಾರ್ಕಿಸಿಯನ್ ಅವರಿಗೆ ಮೂರನೆಯ ವರ್ಷದ ಅವಕಾಶ ದೊರೆಯಲಿಲ್ಲ.